ನೇಕಾರ ನುಂಗಿದ ಗುಳಿಗೆ

ಶಿಷ್ಯ ಕೇಳಿದ: "ಗುರುಗಳೇ, ರಕ್ತ ಕಾರಿಕೊಂಡು ಬಂದ ಮುದುಕ ತಾನೇ ಬಾಯಿಬಿಟ್ಟು ಕಾರಣ ಹೇಳಿದ ಮೇಲೂ ವೈದ್ಯನಾದವನು ಬೇರೆ ಕಾರಣ ಹುಡುಕಬೇಕೆ?"

ಗುರುಗಳು ಕನ್ನಡಕ ತೆಗೆದು ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಬ್ಬ ಮುದಿ ನೇಕಾರನಿದ್ದ. ಮಗ್ಗದ ಎಳೆ ನೋಡಿ ನೋಡಿ ಅವನ ಕಣ್ಣು ಮಂಜಾಗಿತ್ತು, ಬೆರಳು ಮರಗಟ್ಟಿದ್ದವು. ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಾಲಾಗಿ ಕೂತ ಗುಳಿಗೆಗಳಲ್ಲಿ ಬೆಳಗಿನದು ಯಾವುದು, ಸಂಜೆಯದು ಯಾವುದು ತಿಳಿಯದೆ ಒದ್ದಾಡುತ್ತಿದ್ದ. ಅದನ್ನು ಕಂಡು ಸೊಸೆ ಒಂದು ಉಪಾಯ ಮಾಡಿದಳು. ಅವಳು ಪಟ್ಟಿಯನ್ನು ಕತ್ತರಿಯಿಂದ ಒಂದೊಂದೇ ಗುಳಿಗೆಯ ತುಂಡು ಮಾಡಿ, ಹೊತ್ತಿಗೊಂದರಂತೆ ಬಟ್ಟಲಲ್ಲಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಮುದುಕ ತಡವಿ, ಗುಳಿಗೆಯ ಸುತ್ತಲಿನ ಪ್ಲಾಸ್ಟಿಕ್ ಕವಚ ಬಿಡಿಸಿ ನುಂಗುತ್ತಿದ್ದ.

ಒಂದು ಬೆಳಗ್ಗೆ ಕವಚ ಬಿಡಿಸಲು ಮರೆತ. ಹಾಗೆಯೇ ಬಾಯಿಗೆ ಹಾಕಿ ನೀರು ಕುಡಿದ. ಎದೆಯೊಳಗೆ ಏನೋ ಕೊಯ್ದಂತಾಯಿತು. ಖಾಲಿ ಕವಚ ಎಲ್ಲಿ ತಡವಿದರೂ ಕೈಗೆ ಸಿಗದಾಗ ಆದದ್ದೇನೆಂದು ತಿಳಿಯಿತು. ತಾನಾಗಿ ಇಳಿದುಹೋದೀತು ಎಂದು ಯಾರಿಗೂ ಹೇಳಲಿಲ್ಲ. ಆಮೇಲೆ ಅನ್ನ ಸೇರದಾಯಿತು. ಕೊನೆಗೆ ರಕ್ತ ಕಾರಿಕೊಂಡ.

ಮಗ, ಸೊಸೆ ಇಬ್ಬರೂ ಅವನನ್ನು ಆಸ್ಪತ್ರೆಗೆ ಹೊತ್ತು ತಂದರು. ಮಗ ಕೆಟ್ಟವನಲ್ಲ, ಮುಂಗೋಪಿ. ಹಿಂದೊಮ್ಮೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಾಗ, ನೆಲ ಒರೆಸಿರಲಿಲ್ಲವೆಂದು ಹೆಂಡತಿಯನ್ನು ತವರಿಗೆ ಅಟ್ಟಿದ್ದ. ಅವಳನ್ನು ವಾಪಸು ಕರೆಸಲು ಮುದುಕ ಮಗನ ಕಾಲು ಹಿಡಿಯುವುದೊಂದು ಬಾಕಿಯಿತ್ತು. ಗುಳಿಗೆ ಪಟ್ಟಿ ಕತ್ತರಿಸಿ ಇಟ್ಟವಳು ಇವಳೆಂದು ಗೊತ್ತಾದರೆ ಈ ಸಲ ಅವಳಿಗೆ ಮನೆಯ ಬಾಗಿಲು ತೆರೆಯುವುದಿಲ್ಲ ಎಂದು ಮುದುಕನಿಗೆ ಗೊತ್ತಿತ್ತು.

ವೈದ್ಯ ಕೇಳಿದ: "ಏನಾದರೂ ನುಂಗಿದಿರಾ, ಯಜಮಾನರೇ? ಇಲ್ಲಾ ಕುಡಿಯುವ ಅಭ್ಯಾಸ ಇದೆಯೇ?"

ಮುದುಕ ಸೊಸೆಯ ಮುಖ ನೋಡಿದ. ಅವಳ ಸೆರಗಿನ ತುಂಬ ಅವನದೇ ರಕ್ತವಿತ್ತು.

"ಕುಡೀತಿದ್ದೆರೀ, ಸಾಹೇಬ್ರ," ಎಂದ. "ಯಾರಿಗೂ ಗೊತ್ತಾಗದಂಗ."

"ಯಪ್ಪಾ, ಈ ವಯಸ್ಸಿನ್ಯಾಗ ಇದೇನ್ ಹಚ್ಚೀದಿ?" ಎಂದು ಮಗ ಮುಖ ತಿರುಗಿಸಿ ಹೊರಗೆ ಹೋದ.

"ನಮ್ಮ ಮಾವ ಒಂದ ದಿನಾನೂ ಕುಡದವರಲ್ರೀ," ಎಂದಳು ಸೊಸೆ.

"ನಿನಗೇನ್ ಗೊತ್ತವಾ, ಸುಮ್ಕಿರು," ಎಂದ ಮುದುಕ. ಬದುಕಿನಲ್ಲಿ ಅವಳನ್ನು ಅವನು ಗದರಿದ್ದು ಅದೊಂದೇ ಸಲ.

ವೈದ್ಯ ಅಂಥ ಎಷ್ಟೋ ಮುದುಕರನ್ನು ಕಂಡಿದ್ದ. ಕುಡಿತದಿಂದ ಹೊಟ್ಟೆ ಹುಣ್ಣಾಗಿದೆ ಎಂದು ಔಷಧ ಕೊಟ್ಟ. ಗಂಟಲಿಗೆ ಕೊಳವೆ ಇಳಿಸಿ ನೋಡುವ ಅನುಕೂಲ ಅಲ್ಲಿತ್ತು. ಕಾರಣ ಸಿಕ್ಕಿತಲ್ಲ, ಮುದಿ ಜೀವಕ್ಕೆ ಹಿಂಸೆ ಏಕೆ ಎಂದು ಬಿಟ್ಟ. ಅನ್ನನಾಳದಲ್ಲಿ ಚುಚ್ಚಿಕೊಂಡಿದ್ದ ಕವಚದ ಚೂಪಾದ ಅಂಚು ಮರುದಿನ ಪಕ್ಕದ ದೊಡ್ಡ ರಕ್ತನಾಳವನ್ನು ಸೀಳಿತು. ಮುದುಕ ಸೊಸೆಯ ಕೈ ಹಿಡಿದುಕೊಂಡೇ ಸತ್ತ.

ಊರು ಅವನನ್ನು ಕುಡುಕನೆಂದು ಆಡಿಕೊಂಡಿತು. ಮಗ ಅಪ್ಪನ ಹೆಸರೆತ್ತಲು ನಾಚಿದ. ಸೊಸೆ ಮಾತ್ರ ನಂಬಲಿಲ್ಲ. ಆದರೆ ನಿಜ ಏನೆಂದು ಅವಳಿಗೂ ತಿಳಿಯಲಿಲ್ಲ, ಪಾಪ.

ಕತೆ ಕೇಳಿದ ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ರೋಗಿಯೇ ಸುಳ್ಳು ಹೇಳಿದರೆ ವೈದ್ಯನ ತಪ್ಪೇನು, ಗುರುಗಳೇ? ಅವನು ಕೇಳಿದನಲ್ಲ?"

"ಕೇಳಿದ, ಉತ್ತರ ಕೊಡುವ ಮೊದಲು ಮುದುಕ ಯಾರ ಮುಖ ನೋಡಿದ ಎಂಬುದನ್ನು ನೋಡಲಿಲ್ಲ," ಎಂದರು ಗುರುಗಳು.