ಕಾಯುವ ಕುಲುಮೆ

"ಗುರುಗಳೇ, ಸುಮ್ಮನೆ ಕೂತ ಪ್ರೊಸೆಸರಿನ ವೇಗ ತಗ್ಗಿಸಿ ವಿದ್ಯುತ್ ಉಳಿಸಹೋದರೆ, ಕೆಲಸವೇ ಏಕೆ ತಡವಾಗುತ್ತದೆ?" ಎಂದು ವಿರೂಪಾಕ್ಷ ಕೇಳಿದ.

ಮಠದ ಓಲೆಗರಿಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಇಡುವ ಹೊಣೆ ಅವನದು. ವಿದ್ಯುತ್ ಬರುವುದು ಸೌರಫಲಕದ ಬ್ಯಾಟರಿಯಿಂದ. ಡಿಸ್ಕಿನಿಂದ ಚಿತ್ರ ಬರುವವರೆಗೆ ಪ್ರೊಸೆಸರಿಗೆ ಕೆಲಸವಿಲ್ಲದ್ದನ್ನು ಕಂಡು, ಆಗೆಲ್ಲ ಅದು ವೇಗ ತಗ್ಗಿಸಿಕೊಂಡು ಮಲಗುವಂತೆ ಮಾಡಿದ್ದ. ಕೆಲಸ ತೆವಳತೊಡಗಿತು. ಪೂರ್ತಿ ವೇಗದಲ್ಲೇ ಬಿಟ್ಟರೆ ಮಧ್ಯಾಹ್ನಕ್ಕೇ ಬ್ಯಾಟರಿ ಬರಿದು.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಕಮ್ಮಾರನಿದ್ದ. ಒಂದು ಮಳೆಗಾಲ ಊರ ಮೇಲಿನ ಕೆರೆ ಅಂಚಿಗೆ ತುಂಬಿತು. ತೂಬಿನ ಬಾಗಿಲೆತ್ತುವ ಸರಪಳಿ ಅದೇ ಹೊತ್ತಿಗೆ ತುಂಡಾಯಿತು. ನೀರು ಬಿಡದಿದ್ದರೆ ಕೆರೆಯ ಏರಿ ಒಡೆಯುತ್ತದೆ. ಏರಿ ಒಡೆದರೆ ಕೆಳಗೆ ಊರೇ ಇಲ್ಲ. ಹೊತ್ತು ಮುಳುಗುವುದರೊಳಗೆ ಸರಪಳಿ ಆಗಬೇಕೆಂದು ಊರವರು ಕೈಮುಗಿದರು.

ಕಬ್ಬಿಣವಿದ್ದದ್ದು ಹಳ್ಳದ ಆಚೆ. ಕಮ್ಮಾರನ ಭಾವಮೈದ ಹರಿಗೋಲಿನಲ್ಲಿ ಒಂದೊಂದೇ ತುಂಡು ತರಬೇಕು. ಒಂದು ಕೊಂಡಿ ಬೆಸೆದ ಮೇಲೆಯೇ ಮುಂದಿನದರ ಅಳತೆ ಹೇಳಲು ಬರುತ್ತಿತ್ತು. ಒಣ ಇದ್ದಿಲು ಮನೆಯಲ್ಲಿದ್ದಷ್ಟೇ.

ಭಾವಮೈದ ಹೊರಟೊಡನೆ ಕಮ್ಮಾರ ಕುಲುಮೆಗೆ ಗಾಳಿ ಊದುವ ತಿದಿ ನಿಲ್ಲಿಸಿದ. ಬಡಿಯಲು ಕಬ್ಬಿಣವಿಲ್ಲ, ಇದ್ದಿಲೇಕೆ ಸುಡಬೇಕು? ಕುಲುಮೆ ಆರಿತು. ಕಬ್ಬಿಣ ಬಂದಾಗ ಬೆಂಕಿಯಿಲ್ಲ. ಊದಿ ಊದಿ ಅವನ ಕಣ್ಣು ಕೆಂಪಾಯಿತು, ಕಬ್ಬಿಣ ಕೆಂಪಾಗಲಿಲ್ಲ. ಭಾವಮೈದ ಒದ್ದೆ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತ. ಅಳತೆ ಸಿಗದೆ ಅವನೂ ಹೋಗುವಂತಿರಲಿಲ್ಲ. ಏರಿಯ ಮೇಲಿಂದ ಯಾರೋ ಕೂಗಿದರು: ನೀರು ಇನ್ನೊಂದು ಮೆಟ್ಟಿಲು ಏರಿತು.

ಕಮ್ಮಾರನಿಗೆ ಜೀವ ಬಾಯಿಗೆ ಬಂತು. ಮುಂದಿನ ಸಲ ಅವನು ತಿದಿ ಬಿಡಲೇ ಇಲ್ಲ. ಬರಿ ಕುಲುಮೆ ಭೋರೆಂದು ಉರಿಯಿತು. ಬಂದ ಕಬ್ಬಿಣ ಬಂದೊಡನೆ ಕಾಯಿತು, ಕೊಂಡಿಯೂ ಆಯಿತು. ಆದರೆ ಇದ್ದಿಲ ಬುಟ್ಟಿಯ ತಳ ಕಂಡಿತು.

"ಕೊನೆಯ ಕೊಂಡಿಗೆ ಮನೆಯ ತೊಲೆ ಸುಡುತ್ತೀರಾ?" ಎಂದಳು ಹೆಂಡತಿ.

"ಬೆಂಕಿ ಆರಿಸಿದರೆ ಊರೇ ಹೋಗುತ್ತದಲ್ಲೇ!"

"ಆರಿಸಿ ಎಂದೆನೇ? ಕೆಂಡ ಮುಚ್ಚಿಡಿ. ಹರಿಗೋಲು ಆಚೆ ದಡ ಬಿಟ್ಟಿತೆಂದು ನಾನು ಹೇಳಿದ ಮೇಲೆ ಊದಿ."

ಅವಳು ಹಳ್ಳ ಕಾಣುವಲ್ಲಿ ಹೋಗಿ ನಿಂತಳು. ಕಮ್ಮಾರ ಕೆಂಡದ ಮೇಲೆ ತೆಳ್ಳಗೆ ಬೂದಿ ಎಳೆದ. ಆರದಂತೆ ಆಗಾಗ ಒಂದು ಉಸಿರು ಕೊಟ್ಟ. ಕೈ ತಿದಿಯತ್ತ ಹರಿಯುತ್ತಿತ್ತು, ಕಣ್ಣು ಬುಟ್ಟಿಯತ್ತ. ಬಡಿಯುವಾಗ ಬರದ ಬೆವರು ಕೂತಲ್ಲೇ ಬಂತು. ಹೆಂಡತಿಯ ಕೂಗು ಕೇಳಿಸದಿದ್ದರೆ? ಹರಿಗೋಲೇ ಮಗುಚಿದ್ದರೆ?

"ಬಿಟ್ಟ!" ಎಂದು ಅವಳು ಕೂಗಿದಳು. ಅವನು ತಿದಿ ಒತ್ತಿದ. ಭಾವಮೈದ ಒಳಗೆ ಕಾಲಿಡುವಾಗ ಕುಲುಮೆ ಬೆಳ್ಳಗೆ ಕಾದಿತ್ತು. ಅವನು ಕೂರದೆ, ಕೊಂಡಿ ಬೆಸೆದೊಡನೆ ಅಳತೆ ಕೇಳಿಕೊಂಡು ತಿರುಗಿ ಓಡಿದ.

ಹಾಗೇ ಸಂಜೆಯಾಯಿತು. ಕೊನೆಯ ಕೊಂಡಿ ಬೆಸೆದದ್ದು ಬುಟ್ಟಿ ಕೊಡವಿದ ಪುಡಿಯಲ್ಲಿ. ಸರಪಳಿ ಬಿಗಿದು ಹತ್ತಾರು ಜನ ಎಳೆದರು. ಬಾಗಿಲು ಎದ್ದಿತು. ಏರಿಯ ಮಣ್ಣು ಒಂದು ಕಡೆ ಜರಿದಿತ್ತು, ಒಡೆಯಲಿಲ್ಲ. ಕಮ್ಮಾರ ನೆಲಕ್ಕೆ ಕುಸಿದು ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಗುರುಗಳೇ," ಎಂದ ವಿರೂಪಾಕ್ಷ, "ಆ ದಿನದಲ್ಲಿ ಹೆಚ್ಚು ಹೊತ್ತು ಕಮ್ಮಾರನಿಗೆ ಕೆಲಸವಿರಲಿಲ್ಲವಲ್ಲ?"

"ಕಾಯುವವನಿಗೆ ಕೆಲಸವಿಲ್ಲವೆಂದು ನಿನಗೆ ಹೇಳಿದವರಾರು?" ಎಂದರು ಗುರುಗಳು.

ವಿರೂಪಾಕ್ಷ ಎದ್ದು ಹೋಗಿ, ಪ್ರೊಸೆಸರು ಪೂರ್ತಿ ಮಲಗದೆ ತೂಕಡಿಸುತ್ತ, ಚಿತ್ರ ಡಿಸ್ಕು ಬಿಟ್ಟೊಡನೆ ವೇಗ ಏರಿಸಿಕೊಳ್ಳುವಂತೆ ತಿದ್ದಿದ.