ಬುರುಡೆಗೊಂದು ಉಲ್ಲೇಖ

ಪುರಸಭೆಯ ಜವಾನ ಚನ್ನವೀರ "ಸಾಹೇಬ್ರು ಬರೀ ಬುರುಡೆ ಬಿಡ್ತಾರೆ" ಅಂದದ್ದು ಮುಖ್ಯಾಧಿಕಾರಿಗಳ ಕಿವಿಗೆ ಬಿತ್ತು. ಕೂಡಲೇ ಗುಮಾಸ್ತನನ್ನು ಕರೆಸಿದರು.

"ಅವನಿಗೆ ನೋಟಿಸ್ ಬರಿ, ಕೆಲಸದಿಂದ ತೆಗೀತೀನಿ. ಆ ಪದದ ಅರ್ಥಾನೂ ಹಾಕು, ಆಮೇಲೆ ತಪ್ಪಿಸ್ಕೋಬಾರದು."

"ಅರ್ಥ ಬಹಳ ಇವೆ ಸಾರ್. ತಲೆಗೂ ಬುರುಡೆ ಅಂತಾರೆ, ಬಲ್ಬಿಗೂ ಅಂತಾರೆ. ಬುರುಡೆ ಓಡಲ್ಲ ಅಂದ್ರೆ ಬುದ್ಧಿ ಸಾಲದು ಅಂತ. ಬುರುಡೆ ಬಿಡೋದು ಅಂದ್ರೆ ಇಲ್ಲದ್ದನ್ನ ಇದೆ ಅನ್ನೋದು."

"ಕೊನೇದನ್ನೇ ಹಾಕು, ಉದಾಹರಣೆ ಸಮೇತ. ಉಲ್ಲೇಖ ಮರೀಬೇಡ. ಉಲ್ಲೇಖ ಇಲ್ಲದ ಕಾಗದಕ್ಕೆ ನಾನು ಸಹಿ ಹಾಕಲ್ಲ."

ಹೋದ ವಾರ ಗುಮಾಸ್ತನ ರಜೆ ಅರ್ಜಿ ವಾಪಸ್ ಬಂದದ್ದೂ ಇದೇ ಕಾರಣಕ್ಕೆ. ಅರ್ಧ ಗಂಟೆಯಲ್ಲಿ ನೋಟಿಸ್ ಮೇಜಿಗೆ ಬಂತು.

"ವಿಷಯ: ಬುರುಡೆ ಬಿಡುವುದು. ಉದಾಹರಣೆ: ನಾಳೆಯಿಂದ ಊರಿಗೆಲ್ಲ ದಿನವಿಡೀ ನೀರು. ಉಲ್ಲೇಖ: ಮಾನ್ಯ ಮುಖ್ಯಾಧಿಕಾರಿಗಳ ಯುಗಾದಿ ಭಾಷಣ."

ಸಾಹೇಬರು ಎರಡು ಸಲ ಓದಿದರು. "ಬೇರೆ ಉದಾಹರಣೆ ಸಿಗಲಿಲ್ವಾ?"

"ಇನ್ನೂ ಹನ್ನೊಂದು ಸಿಕ್ಕವು ಸಾರ್. ಎಲ್ಲಾ ತಮ್ಮವೇ. ಹಿಂದೆ ಲಗತ್ತಿಸಿದೀನಿ."

ಸಾಹೇಬರು ನೋಟಿಸನ್ನು ಲಗತ್ತಿನ ಸಮೇತ ಹರಿದು ಬುಟ್ಟಿಗೆ ಹಾಕಿದರು. "ಚನ್ನವೀರಂಗೆ ಟೀ ತರೋಕೆ ಹೇಳು."

ಗುಮಾಸ್ತ ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಟೀಗೆ ಉಲ್ಲೇಖ ಏನಂತ ಹಾಕ್ಲಿ ಸಾರ್?"