ಸೀಮೆಎಣ್ಣೆಯಿಂದ ನೀರಿಗೆ

ಪ್ರಯೋಗಾಲಯದ ಸೀಸೆಯೊಂದರಲ್ಲಿ, ಸೀಮೆಎಣ್ಣೆಯೊಳಗೆ ಮುಳುಗಿ ಕೂತಿದ್ದ ಸೋಡಿಯಂ ಪರಮಾಣುವಿಗೆ ಒಂದೇ ಆಸೆ: ನೀರಿನಲ್ಲಿ ಈಜಬೇಕು. ಆದರೆ ಅವನ ಬಳಗದವರು ನೀರು ಸೋಕಿದರೆ ಸಾಕು, ಧಗ್ಗನೆ ಹೊತ್ತಿಕೊಳ್ಳುತ್ತಿದ್ದರು. ಅಷ್ಟಕ್ಕೂ ಕಾರಣ ಹೊರಸುತ್ತಿನಲ್ಲಿ ಒಂಟಿಯಾಗಿ ತಿರುಗುತ್ತಿದ್ದ ಎಲೆಕ್ಟ್ರಾನ್. ಅವನೋ ಅದನ್ನೇ ಮನೆತನದ ಒಡವೆಯೆಂದು ಬೀಗುತ್ತಿದ್ದ.

ಒಂದು ದಿನ ಅವನನ್ನು ಸೀಸೆಯಿಂದ ಹೊರತೆಗೆದಾಗ, ಹಸಿರುಹಳದಿ ಸೆರಗು ಬೀಸುತ್ತ ಕ್ಲೋರಿನ್ ಎದುರಾದಳು. ಅವಳು ಸುಳಿದಲ್ಲೆಲ್ಲ ಜನ ಕೆಮ್ಮುತ್ತಿದ್ದರು.

"ಸೋಡಿಯಪ್ಪನವರೇ, ನನ್ನ ಹೊರಸುತ್ತಿನಲ್ಲಿ ಒಂದು ಜಾಗ ಖಾಲಿಯಿದೆ. ಅದು ತುಂಬುವ ತನಕ ನನಗೂ ನೆಮ್ಮದಿಯಿಲ್ಲ, ನನ್ನಿಂದ ಊರಿಗೂ ನೆಮ್ಮದಿಯಿಲ್ಲ. ನಿಮ್ಮ ಎಲೆಕ್ಟ್ರಾನ್ ಕೊಡಿ."

"ಕೊಟ್ಟರೆ ನನಗೇನು ಉಳಿಯುತ್ತದೆ, ಕ್ಲೋರಮ್ಮ?"

"ನೀರಿಗಿಳಿಯುವ ಧೈರ್ಯ."

ಸೋಡಿಯಂ ಕಣ್ಣು ಮುಚ್ಚಿಕೊಂಡು ಕೊಟ್ಟೇಬಿಟ್ಟ. ಭಗ್ಗೆಂದು ಹಳದಿ ಬೆಳಕು ಚೆಲ್ಲಿತು. ಕೊಟ್ಟವನು ಧನ ಅಯಾನು ಆದ, ಪಡೆದವಳು ಋಣ ಅಯಾನು ಆದಳು. ಆ ಕ್ಷಣದಿಂದಲೇ ಇಬ್ಬರಿಗೂ ಬಿಡಲಾಗದ ಸೆಳೆತ ಹುಟ್ಟಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬಿಳಿ ಉಪ್ಪಿನ ಹರಳಿನಲ್ಲಿ ಸೇರಿಹೋದರು.

ಆ ಹರಳನ್ನು ಯಾರೋ ನೀರಿನ ಲೋಟಕ್ಕೆ ಹಾಕಿದರು. "ಅಯ್ಯೋ, ಸತ್ತೆ!" ಎಂದು ಸೋಡಿಯಂ ಕಿರುಚಿದ. ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ನೀರು ಅವನನ್ನು ಕ್ಲೋರಮ್ಮನ ಹಿಡಿತದಿಂದ ಮೆಲ್ಲನೆ ಬಿಡಿಸಿ, ಸುತ್ತುವರಿದು ಕಚಗುಳಿಯಿಟ್ಟಿತು. ಅವನು ಕಿರುಚಾಟ ಮರೆತು ಕಿಲಕಿಲ ನಕ್ಕ.

ಅಲ್ಲೇ ಆಚೆ ತೇಲುತ್ತಿದ್ದ ಕ್ಲೋರಮ್ಮ, "ನಿಮ್ಮ ಒಡವೆ ವಾಪಸು ಬೇಕೇ?" ಎಂದು ಕೇಳಿದಳು.

"ಬೇಡ ತಾಯಿ, ನೀವೇ ಇಟ್ಟುಕೊಳ್ಳಿ. ನನಗೀಗ ಪುರುಸೊತ್ತಿಲ್ಲ," ಎಂದವನೇ ಇನ್ನೊಂದು ಮುಳುಗು ಹಾಕಿದ.